ಮಕ್ಕಳ ಉಬ್ಬಸಕ್ಕೆ ಮದ್ದಿದೆ, ಮದ್ದು ಬಲ್ಲ ವೈದ್ಯರು ಬೇಕು



ಪಗಾರ, ಬೋನಸ್ಸು, ವಾರದ ರಜೆ, ಗ್ರಾಚ್ಯುಯಿಟಿ ಇವುಗಳ ಕುರಿತು ಈ ಪತ್ರಿಕೆಯಲ್ಲಿ ನಾವು ಬೇಕಾದಷ್ಟು ಬರೆದಿದ್ದೇವೆ, ಮುಂದೆಯೂ ಬರೆಯುತ್ತೇವೆ. ಈ ಸಲ ಬರೆಯುವುದು ನಮ್ಮ ಮಕ್ಕಳ ಉಸಿರಿನ ಕುರಿತು. ಇದು ವೈದ್ಯರ ವಿಷಯ, ಸಂಘಕ್ಕೆ ಇದರಲ್ಲೇನು ಕೆಲಸ ಎಂದು ಕೇಳುವವರಿದ್ದಾರೆ. ಮಗು ರಾತ್ರಿಯಿಡೀ ಏದುಸಿರು ಬಿಟ್ಟರೆ ಮರುದಿನ ಕೆಲಸಕ್ಕೆ ಹೋಗಲಾರದವರು ಯಾರು? ರಜೆ ಹಾಕಿದ ದಿನದ ಪಗಾರ ಕಳೆದುಕೊಳ್ಳುವವರು ಯಾರು? ದವಾಖಾನೆಯಿಂದ ದವಾಖಾನೆಗೆ ಅಲೆದು, ಬಡ್ಡಿಗೆ ಸಾಲ ತರುವವರು ಯಾರು? ನಾವೇ. ಆದುದರಿಂದ ಇದು ಸಂಘದ ವಿಷಯವೇ ಸರಿ.

ನಾವು ಹೇಳಬೇಕೆಂದಿರುವುದು ಒಂದೇ ಮಾತು. ಮಕ್ಕಳ ಅಲರ್ಜಿಗೆ ಬೇಕಾದ ಮುಖ್ಯ ಮದ್ದುಗಳು ಇಂದು ಇವೆ. ಅವು ಎಟುಕದ ಬೆಲೆಯವೂ ಅಲ್ಲ. ಕೊರತೆ ಇರುವುದು ಆ ಮದ್ದನ್ನು ಯಾವಾಗ, ಯಾವ ಮಗುವಿಗೆ, ಹೇಗೆ ಕೊಡಬೇಕೆಂದು ಕಲಿತ ವೈದ್ಯರದು. ಆ ಕಲಿಕೆ ದೊಡ್ಡ ಆಸ್ಪತ್ರೆಯ ಮೇಲಂತಸ್ತಿನಲ್ಲಿ ಕೂತ ಒಬ್ಬಿಬ್ಬರಲ್ಲಿ ಇದ್ದರೆ ಸಾಲದು. ನಮ್ಮ ಚಾಳಿನ ಮೂಲೆಯ ದವಾಖಾನೆಯವರೆಗೆ ಇಳಿದು ಬರಬೇಕು. ಅದನ್ನು ಕೇಳಿ ಪಡೆಯುವುದು ನಮ್ಮ ಹಕ್ಕು.

ಹೆಸರಿಲ್ಲದ ಕಾಯಿಲೆ

ಊರಿನಲ್ಲಿ ನಮ್ಮ ಅಜ್ಜಿಯಂದಿರು "ಇವನಿಗೆ ಸಿಗಡಿ ಆಗುವುದಿಲ್ಲ", "ಈ ಹುಡುಗಿಗೆ ಮೊಟ್ಟೆ ಒಗ್ಗುವುದಿಲ್ಲ" ಎನ್ನುತ್ತಿದ್ದರು. ಮೈಮೇಲೆ ದದ್ದು ಎದ್ದರೆ ಪಿತ್ತಗಂಧೆ, ಎದೆ ಸುಯ್‌ಗುಟ್ಟಿದರೆ ಉಬ್ಬಸ. ಕೆಲವು ಕಡೆ ದಮ್ಮು, ಕೆಲವು ಕಡೆ ಗೂರಲು. 'ಒಗ್ಗುವುದಿಲ್ಲ' ಎಂಬ ಆ ಮಾತಿನಲ್ಲಿ ತಿಳುವಳಿಕೆ ಇತ್ತು. 1906ರಲ್ಲಿ ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಎಂಬವರು ಇದಕ್ಕೆ 'ಅಲರ್ಜಿ' ಎಂಬ ಹೆಸರು ಕೊಟ್ಟರು. ಅವರು ಮಕ್ಕಳ ವೈದ್ಯರಾಗಿದ್ದರು ಎಂಬುದನ್ನು ಗಮನಿಸಬೇಕು. ಈ ವಿದ್ಯೆ ಹುಟ್ಟಿದ್ದೇ ಮಕ್ಕಳ ಮಂಚದ ಪಕ್ಕದಲ್ಲಿ.

ಅಲರ್ಜಿ ಎಂದರೆ ಇಷ್ಟು: ಮೈಯೊಳಗಿನ ಕಾವಲುಗಾರ ಕಳ್ಳನನ್ನು ಹಿಡಿಯುವ ಬದಲು ಮನೆಗೆ ಬಂದ ನೆಂಟನ ಮೇಲೆ ದೊಣ್ಣೆ ಎತ್ತುತ್ತಾನೆ. ಧೂಳು, ಹಾಲು, ನೆಲಗಡಲೆ ಇವು ಹತ್ತು ಮಕ್ಕಳಿಗೆ ಏನೂ ಮಾಡುವುದಿಲ್ಲ; ಹನ್ನೊಂದನೆಯ ಮಗುವಿನ ಮೈ ಅದನ್ನೇ ಶತ್ರುವೆಂದು ತಿಳಿದು ಹೋರಾಡುತ್ತದೆ. ಹೋರಾಟ ಚರ್ಮದಲ್ಲಾದರೆ ದದ್ದು, ಇಸುಬು, ಮೂಗಿನಲ್ಲಾದರೆ ಸೀನು, ಎದೆಯಲ್ಲಾದರೆ ಉಬ್ಬಸ. ಈ ಹೋರಾಟಕ್ಕೆ ರಕ್ತದಲ್ಲಿ ಆಯುಧವಾಗಿ ನಿಲ್ಲುವ ವಸ್ತುವನ್ನು 1966ರಲ್ಲಿ ಅಮೆರಿಕದ ಡೆನ್ವರಿನಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ಇಶಿಜಾಕಾ ದಂಪತಿಗಳು ಗುರುತಿಸಿದರು. ಸ್ವೀಡನ್ನಿನ ವಿಜ್ಞಾನಿಗಳೂ ಬೇರೆಯಾಗಿಯೇ ಅದನ್ನು ಕಂಡರು. 1968ರಲ್ಲಿ ಅದಕ್ಕೆ ಐ.ಜಿ.ಇ. ಎಂಬ ಹೆಸರಾಯಿತು.

ಹೆಸರಿನಿಂದ ಏನು ಬಂತು ಎನ್ನಬೇಡಿ. ನಮ್ಮ ಗಿರಣಿ ಬಂಧುಗಳಿಗೆ ಹೆಸರಿನ ಬೆಲೆ ಗೊತ್ತು. ಬ್ಲೋ ರೂಮು, ಕಾರ್ಡಿಂಗ್ ಖಾತೆಗಳಲ್ಲಿ ದುಡಿದವರಿಗೆ ವಾರದ ರಜೆ ಮುಗಿಸಿ ಒಳಗೆ ಕಾಲಿಟ್ಟ ದಿನ ಎದೆ ಬಿಗಿಯುತ್ತಿತ್ತು. "ಬೀಡಿ ಕಡಿಮೆ ಮಾಡು" ಎಂದು ಹೇಳಿ ಕಳಿಸುತ್ತಿದ್ದವರೇ ಹೆಚ್ಚು. ಅದು ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ಕಾಯಿಲೆ ಎಂದು ಕಾಯಿದೆಯ ಪಟ್ಟಿಗೆ ಸೇರಿದ ಮೇಲೆಯೇ ಪರಿಹಾರದ ಮಾತಿಗೆ ಬಲ ಬಂತು. 1982ರ ಮುಷ್ಕರದ ನಂತರದ ವರ್ಷಗಳಲ್ಲಿ ಮುಂಬಯಿಯ ಗಿರಣಿಗಳು ಬಹುಪಾಲು ಮುಚ್ಚಿಹೋದವು, ಪಾಠ ಉಳಿದಿದೆ. ಬಿಸಿನೋಸಿಸ್ ಬೇರೆ, ಮಕ್ಕಳ ಅಲರ್ಜಿ ಬೇರೆ. ಆದರೆ ಎರಡಕ್ಕೂ ನ್ಯಾಯ ಒಂದೇ: ಹೆಸರಿಡದ ಕಾಯಿಲೆಗೆ ಮದ್ದೂ ಇಲ್ಲ, ಹಕ್ಕೂ ಇಲ್ಲ.

ಇಂದು ನಮ್ಮ ಮಕ್ಕಳ ಉಬ್ಬಸದ ಗತಿ ಇದೇ ಆಗಿದೆ. ಭಾರತದ ಒಂಬತ್ತು ಕಡೆ 1 ಲಕ್ಷ 27 ಸಾವಿರಕ್ಕೂ ಹೆಚ್ಚು ಮಂದಿ ಮಕ್ಕಳು ಮತ್ತು ತಂದೆತಾಯಿಗಳನ್ನು ವಿಚಾರಿಸಿ ನಡೆಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಎದೆ ಸುಯ್‌ಗುಟ್ಟುವ ತೊಂದರೆ ಇದ್ದವರಲ್ಲಿ ನೂರಕ್ಕೆ 82 ಮಂದಿಗೆ "ಇದು ಆಸ್ತಮಾ" ಎಂದು ಯಾವ ವೈದ್ಯರೂ ಹೇಳಿರಲಿಲ್ಲ. ತೊಂದರೆ ತೀವ್ರವಾಗಿದ್ದವರಲ್ಲಿಯೂ ನೂರಕ್ಕೆ 70 ಮಂದಿಯ ಕಥೆ ಇದೇ. ಕಾಯಿಲೆಯನ್ನು ಹಿಡಿತದಲ್ಲಿಡುವ ಮದ್ದನ್ನು ದಿನವೂ ಸೇದುತ್ತಿದ್ದವರು ನೂರಕ್ಕೆ ಎರಡೂವರೆಗಿಂತ ಕಡಿಮೆ. ಕಾಯಿಲೆ ಗುಟ್ಟಾಗಿಲ್ಲ, ಕಿವಿಗೆ ಕೇಳಿಸುತ್ತಿದೆ. ಅದನ್ನು ಗುರುತಿಸಿ ಹೆಸರು ಹೇಳುವ ಕಲಿಕೆ ಇಲ್ಲ.

ಸಿರಪ್ಪು ಮತ್ತು ಪಂಪು

ಸಾಮಾನ್ಯವಾಗಿ ನಡೆಯುವುದೇನು? ಮಳೆಗಾಲ ಬಂತು, ಖೋಲಿಯ ಗೋಡೆಗೆ ಬೂಷ್ಟು ಹಿಡಿಯಿತು, ಮಗುವಿಗೆ ಕೆಮ್ಮು ಹಿಡಿಯಿತು. ತಾಯಿ ಹತ್ತಿರದ ಡಾಕ್ಟರರ ಬಳಿಗೆ ಓಡುತ್ತಾಳೆ. ಒಂದು ಕೆಮ್ಮಿನ ಸಿರಪ್ಪು, ಒಂದು ಆಂಟಿಬಯಾಟಿಕ್. ನಾಲ್ಕು ದಿನ ಸುಖ, ಹತ್ತನೆಯ ದಿನ ಮತ್ತೆ ಅದೇ. ಮತ್ತೆ ಬೇರೆ ಆಂಟಿಬಯಾಟಿಕ್. ಅದು ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಅಲರ್ಜಿಯ ಉಬ್ಬಸಕ್ಕೆ ಅದರಿಂದ ಏನೂ ಆಗದು.

"ಪಂಪು ಕೊಡುತ್ತೇವೆ" ಎಂದರೆ ನಮ್ಮವರು ಹೆದರುತ್ತಾರೆ. ಪಂಪು ಒಮ್ಮೆ ಹಿಡಿದರೆ ಜನ್ಮಕ್ಕೆ ಬಿಡದು, ಪಂಪು ಹಿಡಿದ ಹುಡುಗಿಗೆ ಗಂಡು ಸಿಗದು ಎಂಬ ಮಾತು ಚಾಳಿನಿಂದ ಚಾಳಿಗೆ ಹರಿದಾಡುತ್ತದೆ. ಲೆಕ್ಕ ನೋಡಿ. ಉಸಿರು ಸಡಿಲಿಸುವ ಸಾಲ್ಬುಟಮಾಲ್ ಎಂಬ ಮದ್ದು ಪಂಪಿನ ಒಂದು ಒತ್ತಿಗೆ 100 ಮೈಕ್ರೊಗ್ರಾಂ ಬರುತ್ತದೆ. ಅದೇ ಮದ್ದಿನ ಸಿರಪ್ಪಿನಲ್ಲಿ 5 ಮಿಲಿಲೀಟರಿನ ಒಂದು ಚಮಚಕ್ಕೆ 2 ಮಿಲಿಗ್ರಾಂ, ಅಂದರೆ 20 ಪಟ್ಟು. ಸಿರಪ್ಪು ಹೊಟ್ಟೆಗಿಳಿದು ಮೈಯೆಲ್ಲ ಸುತ್ತಿ ಎದೆಗೆ ಬರುತ್ತದೆ. ದಾರಿಯಲ್ಲಿ ಎದೆ ಡವಡವ ಬಡಿಸುತ್ತದೆ, ಕೈ ನಡುಗಿಸುತ್ತದೆ. ಪಂಪಿನ ಮದ್ದು ನೇರವಾಗಿ ಬೇಕಾದಲ್ಲಿಗೇ ಹೋಗುತ್ತದೆ. ಹಾಗಾದರೆ ಕಡಿಮೆ ಮದ್ದು ಯಾವುದು, ಹೆಚ್ಚು ಮದ್ದು ಯಾವುದು?

ಪಂಪಿನಲ್ಲಿ ಎರಡು ಬಗೆ. ಒಂದು, ಉಸಿರು ಕಟ್ಟಿದಾಗ ಕೂಡಲೇ ಬಿಡಿಸುವುದು. ಇನ್ನೊಂದು, ಶ್ವಾಸನಾಳದ ಒಳಗಿನ ಊತವನ್ನು ದಿನದಿನಕ್ಕೆ ಇಳಿಸಿ ಉಬ್ಬಸ ಬಾರದಂತೆ ತಡೆಯುವುದು. ಈ ಎರಡನೆಯದನ್ನು ನಮ್ಮ ಮನೆಗಳಲ್ಲಿ, ಮಗು ಆಡಿಕೊಂಡಿದೆ ಎಂದೊಡನೆ ನಿಲ್ಲಿಸಿಬಿಡುತ್ತಾರೆ. ಏಕೆ ನಿಲ್ಲಿಸಬಾರದೆಂದು ಯಾರೂ ಕೂರಿಸಿ ಹೇಳಿರುವುದಿಲ್ಲ. ಎಳೆಯ ಮಗುವಿಗೆ ಪಂಪನ್ನು ನೇರ ಬಾಯಿಗಿಡಲಾಗದು. ನಡುವೆ ಸ್ಪೇಸರ್ ಎಂಬ ಡಬ್ಬಿ ಬೇಕು. ಅದು ಕೊಳ್ಳಲಾಗದವರಿಗೂ ದಾರಿಯಿದೆ. ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಹೆದರ್ ಜಾರ್ ಎಂಬ ಮಕ್ಕಳ ವೈದ್ಯೆ ಮತ್ತು ಸಂಗಡಿಗರು ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಬುಡಕ್ಕೆ ಸರಿಯಾದ ಅಳತೆಯ ತೂತು ಮಾಡಿ, ಸಂದಿಯಿಲ್ಲದಂತೆ ಪಂಪನ್ನು ಕೂರಿಸಿ, ಅದು ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡುತ್ತದೆಂದು 1999ರಲ್ಲಿ ತೋರಿಸಿಕೊಟ್ಟರು. ನಮ್ಮ ಹೋಟೆಲುಗಳಲ್ಲಿ ದಿನಕ್ಕೆ ಅಂಥ ಎಷ್ಟು ಬಾಟಲಿ ಎಸೆಯುತ್ತೇವೆ! ಬಡವರ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಕಲಿತ ವೈದ್ಯೆಗೆ ಇಂಥದು ಹೊಳೆಯುತ್ತದೆ. ಇದನ್ನು ತಾಯಿಗೆ ಮಾಡಿ ತೋರಿಸಲು ಐದೇ ನಿಮಿಷ ಸಾಕು; ಆದರೆ ತೋರಿಸುವವರು ಮೊದಲು ಕಲಿತಿರಬೇಕು.

ರಕ್ತ ಪರೀಕ್ಷೆಯ ಉದ್ದ ಪಟ್ಟಿ

ಇನ್ನೊಂದು ಕಡೆಯಿಂದ ಬರುವ ಕಷ್ಟವನ್ನೂ ಹೇಳಬೇಕು. ನಮ್ಮ ಸದಸ್ಯರೊಬ್ಬರು, ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವವರು, ಮಗನ ಮೈ ತುರಿಕೆಗೆಂದು ಒಂದು ಖಾಸಗಿ ದವಾಖಾನೆಗೆ ಹೋದರು. ಮಗುವನ್ನು ಸರಿಯಾಗಿ ನೋಡುವ ಮೊದಲೇ ರಕ್ತ ತೆಗೆಸಿ ಎಂದರು. ಒಂದು ತಿಂಗಳ ಪಗಾರದ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಯಿತು. ಬಂದ ಕಾಗದದಲ್ಲಿ ಹಾಲು, ಮೊಟ್ಟೆ, ಗೋಧಿ, ಕಡಲೆ, ತೆಂಗು ಎಲ್ಲದರ ಮುಂದೆಯೂ ಗುರುತು. ಇದೆಲ್ಲ ಬಿಡಿ ಎಂದು ಹೇಳಿ ಕಳಿಸಿದರು. ಹಾಲು, ಮೊಟ್ಟೆ, ಬೇಳೆ ಬಿಟ್ಟು ಆ ಹುಡುಗ ಏನು ತಿಂದು ಬೆಳೆಯಬೇಕು? ಆರು ತಿಂಗಳಲ್ಲಿ ಮಗು ಇಳಿದುಹೋಯಿತು, ತುರಿಕೆ ಇಳಿಯಲಿಲ್ಲ.

ಇಂಥ ಕಾಗದದ ನಿಜವಾದ ಅರ್ಥವೇನೆಂಬುದನ್ನು ನಮ್ಮ ಕನ್ನಡ ನಾಡಿನಲ್ಲಿಯೇ ನಡೆದ ಅಧ್ಯಯನ ಹೇಳಿದೆ. ಬೆಂಗಳೂರು, ಮೈಸೂರುಗಳಲ್ಲಿ ಸಾವಿರಾರು ಮಂದಿಯನ್ನು ಪರೀಕ್ಷಿಸಿದ ಈ ಕೆಲಸದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ದೊಡ್ಡವರಲ್ಲಿ ನೂರಕ್ಕೆ 26 ಮಂದಿಯ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಐ.ಜಿ.ಇ. ಕಾಣಿಸಿತು. ಆದರೆ ನಿಜವಾಗಿ ಆಹಾರದ ಅಲರ್ಜಿ ಇರಬಹುದಾದವರು ನೂರಕ್ಕೆ ಒಬ್ಬರಷ್ಟು ಮಾತ್ರ. 2020ರಲ್ಲಿ ಪ್ರಕಟವಾದ ಮಕ್ಕಳ ಲೆಕ್ಕ ಇನ್ನೂ ಸ್ಪಷ್ಟವಾಗಿದೆ: ಅಲ್ಲಿನ ಶಾಲೆಯ ಮಕ್ಕಳಲ್ಲಿ ನೂರಕ್ಕೆ 19 ಮಂದಿಯ ರಕ್ತದಲ್ಲಿ ಗುರುತು, ನಿಜವಾದ ಅಲರ್ಜಿಯ ಸಂಭವ ಸಾವಿರಕ್ಕೆ ಒಂದೋ ಎರಡೋ ಮಕ್ಕಳಿಗೆ. ಕಾಗದದಲ್ಲಿ ಗುರುತು ಬಿದ್ದ ಮಾತ್ರಕ್ಕೆ ಕಾಯಿಲೆ ಎಂದಲ್ಲ. ಯಂತ್ರ ಅಳೆಯುತ್ತದೆ, ಅರ್ಥ ಹೇಳುವುದು ಕಲಿತ ವೈದ್ಯರ ಕೆಲಸ.

ಕಲಿತ ವೈದ್ಯರು ಮೊದಲು ಸೂಜಿ ಎತ್ತುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಏನು ತಿಂದಿತು, ತಿಂದು ಎಷ್ಟು ಹೊತ್ತಿಗೆ ದದ್ದು ಎದ್ದಿತು, ಅದೇ ತಿಂದಾಗ ಪ್ರತಿ ಸಲವೂ ಆಗುತ್ತದೆಯೇ? ಮಗು ಎಲ್ಲಿ ಮಲಗುತ್ತದೆ? ಖೋಲಿಯೊಳಗೆ ಯಾರಾದರೂ ಬೀಡಿ ಸೇದುತ್ತಾರೆಯೇ? ಜಿರಳೆ ಇದೆಯೇ? ಜಿರಳೆಯ ಪ್ರಶ್ನೆ ನಗೆಯ ಮಾತಲ್ಲ. ಅಮೆರಿಕದ ದೊಡ್ಡ ನಗರಗಳ ಬಡ ಕೇರಿಗಳಲ್ಲಿ ಆಸ್ತಮಾ ಇದ್ದ 476 ಮಕ್ಕಳನ್ನು ಪರೀಕ್ಷಿಸಿ 1997ರಲ್ಲಿ ವರದಿ ಬಂತು. ಜಿರಳೆಯ ಅಲರ್ಜಿಯೂ ಇದ್ದು, ಮಲಗುವ ಕೋಣೆಯಲ್ಲಿ ಜಿರಳೆಯ ಕಸವೂ ಹೆಚ್ಚಿದ್ದ ಮಕ್ಕಳು ಉಳಿದವರಿಗಿಂತ ಮೂರು ಪಟ್ಟಿಗೂ ಹೆಚ್ಚು ಸಲ ಆಸ್ಪತ್ರೆ ಸೇರಿದ್ದರು. ಹತ್ತು ಅಡಿಯ ಖೋಲಿಯಲ್ಲಿ ಆರು ಮಂದಿ ಮಲಗುವ ನಮ್ಮ ಮನೆಗಳಿಗೆ ಈ ಪ್ರಶ್ನೆ ಬೇಕಾದದ್ದು. ಗುಂಪು ಗುಂಪಾಗಿ ನಿಂತ ರೋಗಿಗಳನ್ನು ಎರಡೆರಡು ನಿಮಿಷದಲ್ಲಿ ಸಾಗಿಸುವ ಕಡೆ ಇದನ್ನು ಯಾರು ಕೇಳುತ್ತಾರೆ?

ಕೆಲವೇ ನಿಮಿಷದ ಮಾತು

ಅಲರ್ಜಿಯಲ್ಲಿ ಒಂದು ಘೋರ ರೂಪವಿದೆ. ಅನಾಫಿಲಾಕ್ಸಿಸ್ ಎಂಬುದು ಅದರ ಹೆಸರು. ಒಗ್ಗದ ತಿನಿಸು ತಿಂದ, ಜೇನು ಕಡಿದ, ಇಲ್ಲವೇ ಒಗ್ಗದ ಇಂಜೆಕ್ಷನ್ ಚುಚ್ಚಿದ ಸ್ವಲ್ಪ ಹೊತ್ತಿಗೆಲ್ಲ ತುಟಿ, ನಾಲಿಗೆ ಊದಿಕೊಳ್ಳುತ್ತವೆ, ದನಿ ಒಡೆಯುತ್ತದೆ, ಉಸಿರು ಕಟ್ಟುತ್ತದೆ, ವಾಂತಿಯಾಗಬಹುದು, ಮಗು ಬಿಳಿಚಿ ಕುಸಿಯುತ್ತದೆ. ಇಲ್ಲಿ ಮೊದಲ ಮದ್ದು ಅಡ್ರಿನಲಿನ್. ಅದನ್ನು ತೊಡೆಯ ಹೊರಭಾಗದ ಸ್ನಾಯುವಿಗೆ ಕೂಡಲೇ ಚುಚ್ಚಬೇಕು. ತುರಿಕೆಯ ಇಂಜೆಕ್ಷನ್, ಸ್ಟಿರಾಯಿಡ್ ಇಂಜೆಕ್ಷನ್ ಕೊಟ್ಟು ನೋಡೋಣ ಎಂದು ಕಾಯುವುದು ತಪ್ಪು. ಅವು ಅಡ್ರಿನಲಿನ್ನಿಗೆ ಬದಲಿ ಅಲ್ಲ. ಮಗುವನ್ನು ಎಬ್ಬಿಸಿ ನಡೆಸಬಾರದು, ಮಲಗಿಸಿರಬೇಕು. ಉಸಿರು ಕಷ್ಟವಾದರೆ ಕೂರಿಸಿ ಒರಗಿಸಬೇಕು.

ಅಡ್ರಿನಲಿನ್ನಿನ ಸಣ್ಣ ಗಾಜಿನ ಕುಪ್ಪಿ ಅಗ್ಗದ ಮದ್ದು. ದೇಶದ ಅಗತ್ಯ ಔಷಧಗಳ 2022ರ ಪಟ್ಟಿಯಲ್ಲಿ ಅದೂ ಇದೆ, ಉಬ್ಬಸದ ಎರಡೂ ಬಗೆಯ ಪಂಪುಗಳೂ ಇವೆ. ಕುಪ್ಪಿ ಕಪಾಟಿನಲ್ಲಿದ್ದೂ, ಚುಚ್ಚಲು ಕೈ ಹಿಂಜರಿದರೆ ಏನು ಫಲ? ಆ ಹಿಂಜರಿಕೆ ಹೋಗಲಾಡಿಸುವುದಕ್ಕೆ ತರಬೇತಿಯೊಂದೇ ದಾರಿ. ಬಾಯ್ಲರಿನ ಒತ್ತಡ ಏರಿದಾಗ ಯಾವ ತಿರುಪು ತಿರುಗಿಸಬೇಕೆಂದು ಅಟೆಂಡೆಂಟ್ ಪುಸ್ತಕ ಹುಡುಕುತ್ತಾನೆಯೇ? ಕೈಗೆ ಅಭ್ಯಾಸವಾಗಿರುತ್ತದೆ. ಇದೂ ಹಾಗೆಯೇ ಆಗಬೇಕು.

ವೈದ್ಯರಿಗೂ ಪಾಠ ಬದಲಾಗುತ್ತದೆ

"ಡಾಕ್ಟರು ಕಲಿತೇ ಬಂದಿರುತ್ತಾರಲ್ಲ, ಮತ್ತೆ ತರಬೇತಿ ಏಕೆ?" ಎಂಬ ಪ್ರಶ್ನೆ ಏಳಬಹುದು. ಒಂದು ಉದಾಹರಣೆ ಸಾಕು. 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು, ಅಲರ್ಜಿಯ ಸಂಭವ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷ ತುಂಬುವವರೆಗೆ ನೆಲಗಡಲೆ ಕೊಡಬೇಡಿ ಎಂದಿತು. ಆಧಾರ ಸಾಲದೆಂದು 2008ರಲ್ಲಿ ಆ ಮಾತನ್ನು ಕೈಬಿಟ್ಟಿತು. 2015ರಲ್ಲಿ ಲಂಡನ್ನಿನಿಂದ ಬಂದ ಅಧ್ಯಯನ ಇಡೀ ಪಾಠವನ್ನೇ ತಿರುವಿತು. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ, 4ರಿಂದ 11 ತಿಂಗಳಿನೊಳಗಿನ 640 ಕೂಸುಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನೆಲಗಡಲೆಯ ತಿನಿಸನ್ನು ಕೊಡುತ್ತ ಬಂದರು. ಇನ್ನೊಂದಕ್ಕೆ ಮುಟ್ಟಿಸಲೇ ಇಲ್ಲ. ಐದು ವರ್ಷ ತುಂಬಿದಾಗ, ಮುಟ್ಟಿಸದ ಗುಂಪಿನಲ್ಲಿ ನೂರಕ್ಕೆ 17 ಮಕ್ಕಳಿಗೆ ನೆಲಗಡಲೆಯ ಅಲರ್ಜಿ; ತಿನ್ನಿಸಿದ ಗುಂಪಿನಲ್ಲಿ ನೂರಕ್ಕೆ 3.

ಇದನ್ನು ಓದಿ ಯಾರೂ ಮನೆಯಲ್ಲಿ ತಾವೇ ಪ್ರಯೋಗಕ್ಕೆ ಇಳಿಯಬಾರದು. ಇಡೀ ಕಾಳು ಕೂಸಿನ ಗಂಟಲಿಗೆ ಸಿಕ್ಕಿಕೊಂಡೀತು. ಮೊದಲೇ ಅಲರ್ಜಿ ಇರುವ ಮಗುವಿಗೆ ಅಪಾಯ. ನಾವು ತೋರಿಸಹೊರಟಿದ್ದು ಬೇರೆ. 2000ದ ಪಾಠ ಕಲಿತು, ಆಮೇಲೆ ಪುಸ್ತಕ ತೆರೆಯದ ಡಾಕ್ಟರರು ಇಂದಿಗೂ ಒಳ್ಳೆಯ ಮನಸ್ಸಿನಿಂದಲೇ ಹಳೆಯ ಸಲಹೆ ಕೊಡುತ್ತಾರೆ. ಆದುದರಿಂದ ತರಬೇತಿ ಎಂಬುದು ಒಮ್ಮೆ ಪಡೆದು ಗೋಡೆಗೆ ತೂಗುಹಾಕುವ ಸರ್ಟಿಫಿಕೇಟು ಆಗಬಾರದು.

ಕಲಿಸುವ ದಾರಿ

ಮಕ್ಕಳಿಗೆ ಬೇರೆ ವೈದ್ಯರು ಏಕೆ, ದೊಡ್ಡವರ ಮದ್ದನ್ನೇ ಅರ್ಧ ಮಾಡಿ ಕೊಟ್ಟರಾಯಿತು ಎಂದು ಹಿಂದೊಮ್ಮೆ ತಿಳಿದವರಿದ್ದರು. ಇದೇ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ 1928ರಲ್ಲಿ ಡಾ. ಜಾರ್ಜ್ ಕೊಯೆಲ್ಹೊ ಅವರು ಮಕ್ಕಳ ವಿಭಾಗವನ್ನು ಆರಂಭಿಸಿದರು. 1929ರಲ್ಲಿ ಗಿರಣಿಗಳ ನಡುವೆ, ಪರೇಲಿನಲ್ಲಿ, ಬಾಯಿ ಜೆರ್‌ಬಾಯಿ ವಾಡಿಯಾ ಮಕ್ಕಳ ಆಸ್ಪತ್ರೆ ತೆರೆಯಿತು. ಭಾರತದ ಮಕ್ಕಳ ವೈದ್ಯರ ಅಕಾಡೆಮಿ ಒಂದುಗೂಡಿದ್ದು 1963ರಲ್ಲಿ. ಇಂದು ಮಕ್ಕಳ ವೈದ್ಯರು ಬೇಕೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಮಕ್ಕಳ ಅಲರ್ಜಿಯನ್ನು ಬಲ್ಲವರು ಬೇಕೆಂಬುದೂ ನಾಳೆ ಹೀಗೆಯೇ ಸಹಜವಾದೀತು. ಆದರೆ ಕೇಳುವವರು ಬೇಕು.

ಅಮೆರಿಕದಲ್ಲಿ ಮೂರು ವರ್ಷ ಮಕ್ಕಳ ವೈದ್ಯವನ್ನು ಕಲಿತವರು ಅಲರ್ಜಿಗೆಂದೇ ಮತ್ತೆರಡು ವರ್ಷ ಕಲಿಯುತ್ತಾರೆ; ಅಲ್ಲಿ ಈ ವಿದ್ಯೆಗೆ ಪ್ರತ್ಯೇಕ ಪರೀಕ್ಷಾ ಮಂಡಲಿ 1971ರಲ್ಲಿ ಆಯಿತು. ನಮ್ಮಲ್ಲಿ ಮೂರು ವರ್ಷದ ಎಂ.ಡಿ. ಓದಿನಲ್ಲಿ ಅಲರ್ಜಿ ಹಲವು ಪಾಠಗಳಲ್ಲಿ ಒಂದು. ಮುಂದೆ ಓದಬೇಕೆನ್ನುವವರಿಗೆ ಕೆಲವು ದೊಡ್ಡ ಸಂಸ್ಥೆಗಳಲ್ಲಿ ದಾರಿಯಿದೆ. ಆ ದಾರಿ ಕಿರಿದು. ಅಂಥ ತಜ್ಞರು ಬೇಕೇ ಬೇಕು: ಕಲಿಸುವವರೇ ಇಲ್ಲದಿದ್ದರೆ ಕಲಿಯುವವರು ಎಲ್ಲಿಂದ ಬರುತ್ತಾರೆ? ಆದರೆ ನೂರು ಮಂದಿ ತಜ್ಞರನ್ನು ತಯಾರಿಸಿ ಎಲ್ಲರೂ ಸಿರಿವಂತರ ಬಡಾವಣೆಯಲ್ಲಿ ಬೋರ್ಡು ಹಾಕಿಕೊಂಡರೆ ಧಾರಾವಿಯ ಮಗುವಿಗೆ ಆದ ಲಾಭವೇನು?

ಇದಕ್ಕೆ ಉತ್ತರ ಫಿನ್ಲೆಂಡ್ ದೇಶದಲ್ಲಿದೆ. 1994ರಿಂದ ಹತ್ತು ವರ್ಷ ಅಲ್ಲಿ ಆಸ್ತಮಾದ ವಿರುದ್ಧ ಒಂದು ಯೋಜನೆ ನಡೆಯಿತು. ದೊಡ್ಡ ಕಟ್ಟಡ ಕಟ್ಟುವುದಕ್ಕಿಂತ ಹೆಚ್ಚಾಗಿ ಅವರು ಮಾಡಿದ್ದು ಕಲಿಸುವ ಕೆಲಸ. ಊರೂರಿನ ಆರೋಗ್ಯ ಕೇಂದ್ರಗಳಲ್ಲಿ ಆಸ್ತಮಾದ ಹೊಣೆ ಹೊತ್ತ ವೈದ್ಯರನ್ನೂ ದಾದಿಯರನ್ನೂ ಗೊತ್ತುಮಾಡಿ ತರಬೇತಿ ಕೊಟ್ಟರು, ಔಷಧದಂಗಡಿಯವರನ್ನೂ ಬಿಡಲಿಲ್ಲ. 1993ರಿಂದ 2003ರ ಹೊತ್ತಿಗೆ ಆಸ್ತಮಾಕ್ಕಾಗಿ ಜನ ಆಸ್ಪತ್ರೆಯಲ್ಲಿ ಕಳೆದ ದಿನಗಳು ಅರ್ಧಕ್ಕಿಂತ ಕೆಳಗಿಳಿದವು. 2008ರಿಂದ 2018ರವರೆಗೆ ಇದೇ ಬಗೆಯಲ್ಲಿ ಅಲರ್ಜಿಯ ಯೋಜನೆ ನಡೆಸಿದರು. ಬೇಡದ ಪಥ್ಯಗಳು ಸುಮಾರು ಅರ್ಧ ಕಡಿಮೆಯಾದವು. ಫಿನ್ಲೆಂಡ್ ಚಿಕ್ಕ ದೇಶ, ಸಿರಿವಂತ ದೇಶ, ಒಪ್ಪಿದೆವು. ಆದರೆ ಹತ್ತಿರದ ವೈದ್ಯರಿಗೂ ದಾದಿಗೂ ಕಲಿಸಿ ಎಂಬ ಉಪಾಯಕ್ಕೆ ಸಿರಿ ಬೇಡ, ಮನಸ್ಸು ಬೇಕು. ಮುಂಬಯಿಯಲ್ಲಿ ಮಹಾನಗರಪಾಲಿಕೆಯ ದವಾಖಾನೆಗಳಿವೆ; 2022ರಿಂದ 'ಆಪ್ಲಾ ದವಾಖಾನಾ'ಗಳೂ ತೆರೆದಿವೆ. ಕಲಿಸಬಲ್ಲ ದೊಡ್ಡ ಆಸ್ಪತ್ರೆಗಳಾದ ಕೆ.ಇ.ಎಂ., ಸಾಯನ್, ನಾಯರ್ ಇದೇ ಪಾಲಿಕೆಯವು. ಗುರುಗಳೂ ಅವರದೇ, ಶಿಷ್ಯರೂ ಅವರದೇ. ಅಡ್ಡಿ ಏನು?

ನಮ್ಮ ಅಡಿಗೆಮನೆಯ ಹೊಣೆ

ಹೋಟೆಲು ಕೆಲಸಗಾರರಿಗೆ ಈ ವಿಷಯದಲ್ಲಿ ಎರಡು ಸಂಬಂಧ. ಒಂದು, ನಮ್ಮ ಮನೆಯ ಮಗು. ಇನ್ನೊಂದು, ನಮ್ಮ ಮೇಜಿನ ಮುಂದೆ ಕೂತ ಮಗು. ಗಿರಾಕಿಯೊಬ್ಬರು "ಈ ಚಟ್ನಿಯಲ್ಲಿ ಶೇಂಗಾ ಇದೆಯೇ?" ಎಂದು ಕೇಳಿದರೆ ಮಾಣಿ ಏನು ಹೇಳಬೇಕು? ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಭಟ್ಟರು ಈ ದಿನ ತೆಂಗಿನಕಾಯಿ ತುಟ್ಟಿಯೆಂದು ಶೇಂಗಾ ಸೇರಿಸಿದ್ದಾರೋ ಇಲ್ಲವೋ ಅವನಿಗೆ ತಿಳಿಯದು.

2016ರಲ್ಲಿ ನತಾಶಾ ಎಂಬ 15 ವರ್ಷದ ಹುಡುಗಿ ಇಂಗ್ಲೆಂಡಿನ ವಿಮಾನ ನಿಲ್ದಾಣದಲ್ಲಿ ಕೊಂಡ ಬ್ರೆಡ್ಡಿನ ತಿನಿಸು ತಿಂದು ತೀರಿಕೊಂಡಳು. ಅದರಲ್ಲಿ ಎಳ್ಳಿತ್ತು, ಹೊದಿಕೆಯ ಮೇಲೆ ಬರೆದಿರಲಿಲ್ಲ. ಆಕೆಯ ತಂದೆತಾಯಿಗಳ ಹೋರಾಟದಿಂದ 2021ರ ಅಕ್ಟೋಬರಿನಲ್ಲಿ ಅಲ್ಲಿ ಹೊಸ ಕಾಯಿದೆ ಬಂತು: ಅಂಗಡಿಯಲ್ಲೇ ಮಾಡಿ ಕಟ್ಟಿಟ್ಟ ತಿನಿಸಿನ ಮೇಲೂ ಒಳಗಿನ ಪದಾರ್ಥಗಳನ್ನು ಬರೆಯಬೇಕು. ನಮ್ಮ ದೇಶದಲ್ಲಿಯೂ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಂತೆ ಪೊಟ್ಟಣದ ಆಹಾರದ ಮೇಲೆ ಹಾಲು, ಮೊಟ್ಟೆ, ಮೀನು, ನೆಲಗಡಲೆ, ಸೋಯಾ ಮುಂತಾದ ಅಲರ್ಜಿಕಾರಕಗಳನ್ನು ತಿಳಿಸಬೇಕು. ಹತ್ತು ಅಥವಾ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ಮೆನುವಿನಲ್ಲಿಯೂ ತಿಳಿಸಬೇಕೆಂಬುದು 2022ರಲ್ಲಿ ಜಾರಿಗೆ ಬಂತು. ನಮ್ಮಲ್ಲಿ ಹೆಚ್ಚಿನವರು ದುಡಿಯುವ ಸಣ್ಣ ಹೋಟೆಲಿಗೆ ಆ ಮೆನುವಿನ ನಿಯಮ ತಾಗುವುದಿಲ್ಲ. ಆದರೆ ಜೀವಕ್ಕೆ ಸಣ್ಣ ಹೋಟೆಲು, ದೊಡ್ಡ ಹೋಟೆಲು ಎಂಬ ಭೇದವಿಲ್ಲ. "ಗೊತ್ತಿಲ್ಲ ಸಾರ್, ಒಳಗೆ ಕೇಳಿ ಬರುತ್ತೇನೆ" ಎಂಬ ಒಂದು ಮಾತು ಒಂದು ಮಗುವನ್ನು ಉಳಿಸಬಲ್ಲುದು. ಆ ಮಾತು ಹೇಳಿದ್ದಕ್ಕೆ ಗಲ್ಲೆಯ ಮೇಲಿನವರು ಮಾಣಿಯನ್ನು ಬೈಯುವಂತಿರಬಾರದು. ಇದನ್ನು ಮಾಲೀಕರ ಮುಂದೆ ಇಡುವುದೂ ಸಂಘದ ಕೆಲಸ.

ನಮ್ಮ ಬೇಡಿಕೆಗಳು

ಬರೀ ಮರುಗುವುದಕ್ಕೆ ಈ ಲೇಖನ ಬರೆದುದಲ್ಲ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಬೇಡಿಕೆಗಳನ್ನು ಠರಾವಾಗಿ ಮಂಡಿಸಬೇಕೆಂಬುದು ನಮ್ಮ ಅಭಿಪ್ರಾಯ.

ಒಂದು: ಪಾಲಿಕೆಯ ಪ್ರತಿಯೊಂದು ದವಾಖಾನೆಯಿಂದ ಒಬ್ಬ ವೈದ್ಯರಿಗೆ ಮತ್ತು ಒಬ್ಬ ದಾದಿಗೆ ಮಕ್ಕಳ ಉಬ್ಬಸ ಹಾಗೂ ಅಲರ್ಜಿಯ ಬಗ್ಗೆ ಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿಯೇ ತರಬೇತಿ ಕೊಡಿಸಬೇಕು; ಕೆಲವು ವರ್ಷಕ್ಕೊಮ್ಮೆ ಅದನ್ನು ಹೊಸದು ಮಾಡಿಸಬೇಕು.

ಎರಡು: ಪ್ರತಿಯೊಂದು ದವಾಖಾನೆಯಲ್ಲಿ ಅಡ್ರಿನಲಿನ್, ಎರಡೂ ಬಗೆಯ ಪಂಪು, ಮಕ್ಕಳ ಸ್ಪೇಸರ್ ಸದಾ ಇರಬೇಕು. "ಸ್ಟಾಕ್ ಇಲ್ಲ" ಎಂಬ ಉತ್ತರ ನಿಲ್ಲಬೇಕು.

ಮೂರು: ಇ.ಎಸ್.ಐ. ಆಸ್ಪತ್ರೆಗಳಲ್ಲಿ ಮಕ್ಕಳ ಅಲರ್ಜಿಗೆ ವಾರಕ್ಕೊಂದು ದಿನ ಮೀಸಲಿಡಬೇಕು. ಇ.ಎಸ್.ಐ. ಯಾರ ಧರ್ಮವೂ ಅಲ್ಲ. 2019ರ ಜುಲೈಯಲ್ಲಿ ಗೊತ್ತಾದ ದರದಂತೆ ನಮ್ಮ ಪಗಾರದಿಂದ ನೂರಕ್ಕೆ 75 ಪೈಸೆ, ಮಾಲೀಕರಿಂದ 3 ರೂಪಾಯಿ 25 ಪೈಸೆ. ಆ ಹಣದ ಹಿಂದೆ ನಮ್ಮ ಬೆವರಿದೆ. ಕಾರ್ಡು ಮಾಡಿಸದ ಮಾಲೀಕರಿದ್ದರೆ ಸದಸ್ಯರು ಸಂಘದ ಕಚೇರಿಗೆ ತಿಳಿಸಬೇಕು.

ನಾಲ್ಕು: ಆ ದಿನದ ಹೊತ್ತು ಮಧ್ಯಾಹ್ನ ಮೂರರಿಂದ ಐದರೊಳಗೆ ಇರಬೇಕು. ಬೆಳಿಗ್ಗೆಯ ಒ.ಪಿ.ಡಿ. ಹೊತ್ತಿಗೆ ಹೋಟೆಲಿನಲ್ಲಿ ತಿಂಡಿಯ ಗದ್ದಲ. ಆಗ ಬಿಟ್ಟು ಹೊರಟರೆ ಕೆಲಸವೇ ಹೋಗುತ್ತದೆ.

ಐದು: ಮಗುವಿನ ಉಬ್ಬಸ ಹೆಚ್ಚಿದಾಗ ಏನು ಮಾಡಬೇಕೆಂಬ ಒಂದು ಪುಟದ ಬರಹವನ್ನು ವೈದ್ಯರು ಪ್ರತಿ ತಾಯಿಗೆ ಬರೆದುಕೊಡಬೇಕು. ಮೊನ್ನೆ ಕುಂದಾಪುರದಿಂದ, ಕಲಬುರಗಿಯಿಂದ ಬಂದ ತಾಯಿಗೆ ಮರಾಠಿ, ಹಿಂದಿ ಓದಲು ಬಾರದು. ವೈದ್ಯರು ಬರೆದುಕೊಡಲಿ, ಕನ್ನಡಕ್ಕೆ ಇಳಿಸಿ ಅಚ್ಚು ಹಾಕಿಸುವ ಹೊಣೆ ಸಂಘದ್ದು.

ಆರು: ಹೋಟೆಲು ಮಾಲೀಕರು ವಾರದ ಅಡಿಗೆಯಲ್ಲಿ ನೆಲಗಡಲೆ, ಗೋಡಂಬಿ, ಎಳ್ಳು, ಹಾಲು, ಮೊಟ್ಟೆ ಯಾವುದರಲ್ಲಿದೆ ಎಂದು ಬರೆದು ಅಡಿಗೆಮನೆಯ ಬಾಗಿಲಿಗೆ ಅಂಟಿಸಬೇಕು. ಒಂದು ಕಾಗದ, ಒಂದು ಪೆನ್ನಿನ ಖರ್ಚು.

ಇವುಗಳಲ್ಲಿ ಅಸಾಧ್ಯವಾದುದು ಯಾವುದು? ಆಕಾಶದ ಚಂದ್ರನನ್ನು ನಾವು ಕೇಳಿಲ್ಲ. ಇರುವ ಮದ್ದನ್ನು ಸರಿಯಾಗಿ ಕೊಡಬಲ್ಲ ಕೈಗಳನ್ನು ಕೇಳಿದ್ದೇವೆ. ಒಬ್ಬ ತಂದೆ ಒಬ್ಬನೇ ಹೋಗಿ ಕೇಳಿದರೆ ಕ್ಯೂನಲ್ಲಿ ನಿಲ್ಲು ಎನ್ನುತ್ತಾರೆ. ಸಾವಿರ ತಂದೆತಾಯಿಗಳ ಸಹಿಯೊಡನೆ ಹೋದರೆ ಕುರ್ಚಿ ಹಾಕಿ ಕೂರಿಸುತ್ತಾರೆ. ಸಹಿಯ ಹಾಳೆಗಳು ಸಂಘದ ಕಚೇರಿಯಲ್ಲಿವೆ. ಪ್ರತಿಯೊಬ್ಬ ಸದಸ್ಯರೂ ಒಂದೊಂದು ಒಯ್ದು ತಮ್ಮ ಚಾಳಿನಲ್ಲಿ, ತಮ್ಮ ಹೋಟೆಲಿನಲ್ಲಿ ತುಂಬಿಸಿ ತರಬೇಕೆಂದು ವಿನಂತಿಸುತ್ತೇವೆ.